ಸ್ಯಾಲರಿ ಸ್ಲಿಪ್ ಪಕ್ಕದಲ್ಲಿ ಗೋಡೆ ಕ್ಯಾಲೆಂಡರ್: ಗಾರ್ಮೆಂಟ್ಸ್ ವೇತನ ಅಧ್ಯಯನದ ನನ್ನ ಅನುಭವ

"ಸಂಬಳ ಎಷ್ಟು ಬರುತ್ತಕ್ಕ?" ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ನಡುವೆ ಸಮೀಕ್ಷೆಗೆ ಹೋದವರೆಲ್ಲ ಮೊದಲು ಕೇಳುವುದು ಇದನ್ನೇ. ಉತ್ತರ ಒಬ್ಬೊಬ್ಬರದು ಒಂದೊಂದು ಲೆಕ್ಕದ್ದು. ಒಬ್ಬರು ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಆರೋಗ್ಯ ವಿಮೆ) ಕಟ್ಟಾಗಿ ಬ್ಯಾಂಕಿಗೆ ಬಿದ್ದದ್ದನ್ನು ಹೇಳುತ್ತಾರೆ. ಇನ್ನೊಬ್ಬರು ಅಡ್ವಾನ್ಸ್ ಹಿಡಿದುಕೊಂಡ ಮೇಲೆ ಉಳಿದದ್ದನ್ನು. ಮತ್ತೊಬ್ಬರು ಓಟಿ (ಹೆಚ್ಚುವರಿ ಗಂಟೆಗಳ ಕೂಲಿ), ಹಾಜರಿ ಬೋನಸ್ ಎಲ್ಲವನ್ನೂ ಸೇರಿಸಿ ಹೇಳುತ್ತಾರೆ. ಮೂವರದೂ ನಿಜವೇ. ಆದರೆ ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಸಿಗುವುದು ಯಾರ ಸಂಬಳವೂ ಆಗಿರುವುದಿಲ್ಲ. ಅದಕ್ಕೇ ನಾನು ಸ್ಲಿಪ್ ನೋಡದೆ ಅಂಕಿ ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

ಇದು ಗೇಟಿನ ಮುಂದೆ ಆಗುವ ಕೆಲಸವಲ್ಲ. ಸಂಜೆ ಬಿಟ್ಟ ತಕ್ಷಣ ಎಲ್ಲರಿಗೂ ವ್ಯಾನ್ ಹಿಡಿಯುವ ಅವಸರ, ಜೊತೆಗೆ ಸೂಪರ್‌ವೈಸರ್ ಕಣ್ಣು. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಯ ವಠಾರಗಳಿಗೆ ಭಾನುವಾರ ಮಧ್ಯಾಹ್ನ, ನೀರು ಹಿಡಿದು ಬಟ್ಟೆ ಒಗೆದು ಮುಗಿದ ಮೇಲೆ ಹೋಗಬೇಕು. ರೇಷನ್ ಕಾರ್ಡು, ಗ್ಯಾಸ್ ಪುಸ್ತಕದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಸ್ಲಿಪ್‌ಗಳು ಇರುತ್ತವೆ. ಹೆಚ್ಚಿನವರು ಜೋಪಾನವಾಗಿಯೇ ಇಟ್ಟಿರುತ್ತಾರೆ, ಯಾಕೆಂದರೆ ಪಿಎಫ್ ತೆಗೆಯುವಾಗ ಬೇಕಾಗಬಹುದು ಅಂತ.

ಸ್ಲಿಪ್ ಒಂದೇ ಇದ್ದರೂ ಸಾಲದು ಅಂತ ಗೊತ್ತಾದದ್ದು ಒಬ್ಬ ಟೈಲರ್ ಮನೆಯಲ್ಲಿ. ಅವರದು ಶರ್ಟಿಗೆ ಕಾಲರ್ ಕೂಡಿಸುವ ಕೆಲಸ. 2019ರ ನವೆಂಬರ್ ಸ್ಲಿಪ್ಪಿನಲ್ಲಿ ಹಾಜರಿ ಪೂರ್ತಿ, ಓಟಿ ಕಾಲಂ ಸೊನ್ನೆ. "ಭಾನುವಾರ ಹೋಗಿದ್ನಲ್ಲ ಸಾರ್" ಅಂದವರೇ ಬಾಗಿಲ ಹಿಂದೆ ನೇತುಹಾಕಿದ್ದ ಕ್ಯಾಲೆಂಡರ್ ತೆಗೆದುಕೊಟ್ಟರು. ಹಾಲಿನ ಲೆಕ್ಕಕ್ಕೆ ಅಡ್ಡಗೆರೆ, ಚೀಟಿ ಕಟ್ಟಿದ ದಿನಕ್ಕೆ ಸುತ್ತು, ರಜಾ ಕೊಟ್ಟ ದಿನಕ್ಕೆ 'ರ', ಭಾನುವಾರದ ಕೆಲಸಕ್ಕೆ 'ಡ್ಯೂ'. 6ನೇ ತಾರೀಕು ಬುಧವಾರ 'ರ' ಇತ್ತು. ಅವತ್ತು ಹೊಲಿಯಲು ಕತ್ತರಿಸಿದ ಬಟ್ಟೆ ಬಂದಿರಲಿಲ್ಲ, ಬ್ಯಾಚಿಗೆ ಬ್ಯಾಚನ್ನೇ ಮನೆಗೆ ಕಳಿಸಿದ್ದರು. 24ನೇ ತಾರೀಕು ಭಾನುವಾರ 'ಡ್ಯೂ'. ಬುಧವಾರ ಕೊಟ್ಟ ರಜೆಗೆ ಬದಲಾಗಿ ಭಾನುವಾರ ದುಡಿಸಿಕೊಂಡ ಲೆಕ್ಕ. ಫ್ಯಾಕ್ಟರಿಯ ಭಾಷೆಯಲ್ಲಿ ಇದು ಕಾಂಪ್ ಆಫ್.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 52ನೇ ಕಲಂ ಪ್ರಕಾರ ಭಾನುವಾರ ಕೆಲಸ ಮಾಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಬದಲಿ ರಜೆ ಕೊಡಬೇಕು. ಇಲ್ಲಿ ನಡುವೆ ಹದಿನೆಂಟು ದಿನ. ಆ ಭಾನುವಾರದಿಂದ ಶನಿವಾರದವರೆಗೆ ಏಳು ದಿನವೂ ಕೆಲಸ ಮಾಡಿದ್ದಾರೆ, ಅಂದರೆ 56 ಗಂಟೆ. ವಾರಕ್ಕೆ 48 ದಾಟಿದ ಎಂಟು ಗಂಟೆಗೆ 59ನೇ ಕಲಮಿನಂತೆ ದುಪ್ಪಟ್ಟು ಕೂಲಿ ಬರಬೇಕು. ಲೆಕ್ಕ ಸಲೀಸಾಗಲಿ ಅಂತ ತಿಂಗಳಿಗೆ 9,360 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳ ಕೆಲಸದ ದಿನ 26ರಿಂದ ಭಾಗಿಸಿದರೆ ದಿನಕ್ಕೆ 360, ಗಂಟೆಗೆ 45, ದುಪ್ಪಟ್ಟು 90. ಒಂದು ಭಾನುವಾರಕ್ಕೆ 720 ರೂಪಾಯಿ. ಈ ಹಣ ಸ್ಲಿಪ್ಪಿನ ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲ. ಸ್ಲಿಪ್ ನೋಡಿದರೆ ಕಾಯ್ದೆಯಂತೆಯೇ ಎಲ್ಲ ಕೊಟ್ಟ ಹಾಗಿರುತ್ತದೆ.

ಆಮೇಲಿಂದ ನನ್ನ ನಮೂನೆಯಲ್ಲಿ ಸ್ಲಿಪ್ಪಿನ ಪಕ್ಕಕ್ಕೆ ತಿಂಗಳ ದಿನಗಳ ಮನೆಗಳನ್ನು ಹಾಕಿಕೊಂಡೆ. ಇಬ್ಬರೂ ಕೂತು ಒಂದೊಂದೇ ದಿನ ತುಂಬುತ್ತೇವೆ. ತುಂಬ ಹೊತ್ತು ಹಿಡಿಯುತ್ತದೆ, ನಿಜ. ಕಡಿಮೆ ಜನರನ್ನು ಮಾತಾಡಿಸಲು ಆಗುತ್ತದೆ. ನನಗೆ ಸಾವಿರ ಜನರ ಬಾಯಿಮಾತಿನ ಅಂಕಿಗಿಂತ ಹೀಗೆ ಕೂತು ತುಂಬಿದ ಐವತ್ತು ಹಾಳೆಗಳ ಮೇಲೆ ಹೆಚ್ಚು ನಂಬಿಕೆ.

ಹಳೆಯ ಸ್ಲಿಪ್ಪುಗಳ ಬೆಲೆ ತಿಳಿದದ್ದು ಕೊರೊನಾ ವರ್ಷದಲ್ಲಿ. ಕರ್ನಾಟಕದಲ್ಲಿ ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್ 1ರಿಂದ ಕನಿಷ್ಠ ವೇತನದ ತುಟ್ಟಿಭತ್ಯೆ (ಡಿಎ) ಏರಿಸುತ್ತಾರೆ. 2020ರ ಏರಿಕೆ ತಿಂಗಳಿಗೆ 417 ರೂಪಾಯಿ ಇತ್ತು. ಅದನ್ನು ಮುಂದೂಡಿ ಜುಲೈನಲ್ಲಿ ಸರ್ಕಾರದ ಆದೇಶ ಬಂತು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಆ ವರ್ಷದ ಮಾರ್ಚ್ ಸ್ಲಿಪ್ಪನ್ನೂ ನವೆಂಬರ್ ಸ್ಲಿಪ್ಪನ್ನೂ ಜೋಡಿಸಿ ಇಟ್ಟರೆ ಡಿಎ ಕಾಲಮ್ಮಿನಲ್ಲಿ ಒಂದು ರೂಪಾಯಿಯೂ ಬದಲಾಗಿರಲಿಲ್ಲ. ಕಾರ್ಮಿಕರೇ ಎರಡನ್ನೂ ಬೆರಳಿಟ್ಟು ಓದಿ ಹೇಳಿದರು. ವರ್ಷಕ್ಕೆ ಐದು ಸಾವಿರ ಅಂದರೆ ಆ ಮನೆಗಳಲ್ಲಿ ಒಂದು ಮಗುವಿನ ಸ್ಕೂಲಿನ ಕಂತು.

ಪಿಎಫ್ ವಿಷಯವನ್ನು ಬರೀ ಕಡಿತ ಅಂತ ಓದಬಾರದು. 2016ರ ಏಪ್ರಿಲ್ 18, 19ರಂದು ಯಾವ ಯೂನಿಯನ್ನಿನ ಕರೆಯೂ ಇಲ್ಲದೆ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಇಳಿದದ್ದು ಇದೇ ದುಡ್ಡಿಗೆ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ 19ರಂದೇ ವಾಪಸ್ ಪಡೆಯಿತು. ನನ್ನ ಹಾಳೆಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು. ಮಗಳ ಮದುವೆಗೋ ಕೈಸಾಲ ತೀರಿಸಲಿಕ್ಕೋ ಕೆಲಸ ಬಿಟ್ಟು, ಪಿಎಫ್ ತೆಗೆದು, ಪಕ್ಕದ ಫ್ಯಾಕ್ಟರಿಗೆ ಹೊಸಬರಾಗಿ ಸೇರುತ್ತಾರೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡುಗಂಟಿಗೆ, ಬೇಕಾದ ಐದು ವರ್ಷ ತುಂಬುವುದೇ ಇಲ್ಲ. ಹದಿನೈದು ವರ್ಷ ಮಿಷನ್ ತುಳಿದವರೂ ಕಾಗದದಲ್ಲಿ ಎರಡು ವರ್ಷದ ಟೈಲರ್. ಗಾರ್ಮೆಂಟ್ಸಿನಲ್ಲಿ ಜನ ನಿಲ್ಲುವುದಿಲ್ಲ ಎಂದು ಆಡಳಿತದವರು ದೂರುವಾಗ ಈ ಲೆಕ್ಕವನ್ನು ಯಾರೂ ಎತ್ತುವುದಿಲ್ಲ. ಕೈಗೆ ಬರುವ ಸಂಬಳದಲ್ಲಿ ಒಂದಿಷ್ಟು ಉಳಿಯುವಂತಿದ್ದರೆ ಅವರು ಬಿಡುತ್ತಲೇ ಇರಲಿಲ್ಲ.

ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ಗಳಲ್ಲಿರುವ ಹುಡುಗಿಯರ ವಿಷಯದಲ್ಲಿ ಈ ವಿಧಾನ ಹಾಗೇ ನಡೆಯುವುದಿಲ್ಲ. ಅಲ್ಲಿ ಗೋಡೆಗೆ ಕ್ಯಾಲೆಂಡರ್ ಇಲ್ಲ, ಹೊರಗಿನವರಿಗೆ ಒಳಗೆ ಪ್ರವೇಶವೂ ಇಲ್ಲ. ವಾರಕ್ಕೊಮ್ಮೆ ಸಂತೆಗೋ ಅಂಗಡಿಗೋ ಹೊರಬಂದಾಗ ಮಾತಾಡಿಸಬೇಕು. ಅವರ ಫೋನಿನಲ್ಲಿ ಸಂಬಳ ಬಿದ್ದ ದಿನದ ಬ್ಯಾಂಕ್ ಮೆಸೇಜ್ ಇರುತ್ತದೆ, 'ನಾಳೆ ಡ್ಯೂಟಿ ಇದೆ' ಎಂದು ಶನಿವಾರ ರಾತ್ರಿ ಗ್ರೂಪಿಗೆ ಬಂದ ವಾಟ್ಸಾಪ್ ಕೂಡ ಇರುತ್ತದೆ. ಸದ್ಯ ಇವೆರಡನ್ನು ಇಟ್ಟುಕೊಂಡು ಅವರ ಭಾನುವಾರಗಳನ್ನು ಗುರುತಿಸುತ್ತಿದ್ದೇನೆ.