ಮರಿ ಹಾಕಿಸುವ ಮೊದಲು ಇಷ್ಟು ನೋಡಿಕೊಳ್ಳಿ
ಹೆಣ್ಣು ನಾಯಿಗೆ ಒಂದು ಸಲವಾದರೂ ಮರಿ ಹಾಕಿಸದಿದ್ದರೆ ಆರೋಗ್ಯ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಸುಳ್ಳು.

ಲ್ಯಾಬ್ರಡಾರ್ ಆದರೆ ಎರಡು ವರ್ಷ ತುಂಬಿದ ಮೇಲೆ ಸೊಂಟದ ಎಕ್ಸ್‌ರೇ ತೆಗೆಸಿ. ಸೊಂಟದ ಕೀಲಿನ ತೊಂದರೆ ಮರಿಗಳಿಗೂ ಬರಬಹುದು, ಆದರೆ ನಾಯಿ ಚೆನ್ನಾಗಿ ಓಡಾಡಿಕೊಂಡೇ ಇರುವುದರಿಂದ ಸುಮ್ನೆ ನೋಡಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಗಂಡು, ಹೆಣ್ಣು ಎರಡಕ್ಕೂ ಬ್ರೂಸೆಲ್ಲಾ (ಕೂಡುವಾಗ ಹರಡುವ, ಗರ್ಭಪಾತ ಮಾಡಿಸುವ ಸೋಂಕು) ಟೆಸ್ಟ್ ಮಾಡಿಸಿ. ಮೊದಲ ಸಲ ಬೆದೆಗೆ ಬಂದಾಗ ಬೇಡವೇ ಬೇಡ.

ಗರ್ಭ ಸುಮಾರು 63 ದಿನ. ಹುಟ್ಟಿದ ಮೇಲೆ ಎಂಟು ವಾರ ಮರಿಗಳು ತಾಯಿ ಹತ್ತಿರವೇ ಇರಬೇಕು. ಏಳೆಂಟು ಮರಿ ಮಾಮೂಲು, ಅಷ್ಟಕ್ಕೂ ಒಳ್ಳೆ ಮನೆ ಸಿಗಬೇಕಲ್ವಾ? ನಡುರಾತ್ರಿ ಸಿಸೇರಿಯನ್ ಬೇಕಾದರೆ ಯಾವ ಡಾಕ್ಟರ್ ಸಿಗುತ್ತಾರೆ? ಇದಕ್ಕೆಲ್ಲ ಉತ್ತರ ಇಲ್ಲದಿದ್ದರೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಬಿಡಿ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯವೂ ತಪ್ಪುತ್ತದೆ.