ಮೊದಲು ಚಿಪ್ಪು ಕೈಗೆ ಕೊಡಿ, ಹೆಸರು ಆಮೇಲೆ ಹೇಳಿ

ಮ್ಯೂಸಿಯಂಗೆ ಬಂದ ಮಕ್ಕಳು ಗಾಜಿನ ಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ? ಒಳಗಿರುವ ಚೀಟಿ ಓದಿ ಮುಗಿಸುವಷ್ಟೂ ಇಲ್ಲ. ಅದೇ ಮಗುವಿನ ಕೈಗೆ ತೂತು ಬಿದ್ದ ಒಂದು ಕಪ್ಪೆಚಿಪ್ಪು ಕೊಟ್ಟು ನೋಡಿ. ತಿರುಗಿಸುತ್ತದೆ, ತೂತಿಗೆ ಕಣ್ಣಿಟ್ಟು ಇಣುಕುತ್ತದೆ, ಪಕ್ಕದವರಿಗೆ ತೋರಿಸುತ್ತದೆ. ಕಡಲತೀರದ ಜೀವಿಗಳ ಪಾಠ ಇಲ್ಲಿಂದ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಮೊದಲು ವಸ್ತು, ಆಮೇಲೆ ಪ್ರಶ್ನೆ, ಕೊನೆಗೆ ಹೆಸರು.

ಇಲ್ಲಿರುವ ಚಟುವಟಿಕೆಗಳನ್ನು ಮ್ಯೂಸಿಯಂ ಸಿಬ್ಬಂದಿ, ಶಿಕ್ಷಕರು, ಅಪ್ಪ-ಅಮ್ಮ ಯಾರು ಬೇಕಾದರೂ ಮಾಡಿಸಬಹುದು. ಎಲ್ಲವನ್ನೂ ಒಂದೇ ದಿನ ತುರುಕಬೇಡಿ. ಒಂದು ಗಂಟೆಗೆ ಎರಡು ಸಾಕು.

ಮುಟ್ಟುವ ಪೆಟ್ಟಿಗೆ ಸಿದ್ಧ ಮಾಡಿ

ಖಾಲಿ ಚಿಪ್ಪುಗಳು, ಏಡಿ ಕಳಚಿ ಬಿಟ್ಟ ಹೊರಕವಚ, ಶಾರ್ಕ್ ಮೊಟ್ಟೆಯ ಒಣಗಿದ ಚೀಲ, ಹಕ್ಕಿ ಮತ್ತು ಆಮೆಯ ತಲೆಬುರುಡೆಯ ರೆಸಿನ್ ನಕಲು. ಇಷ್ಟಿದ್ದರೆ ಪೆಟ್ಟಿಗೆ ತುಂಬಿತು. ಚೂಪಾದ ಅಂಚುಗಳನ್ನು ಉಜ್ಜಿ ನಯ ಮಾಡಿಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಳೆಯ ಕಾಲದಲ್ಲಿ ಒಳಗೆ ತುಂಬಿ ಇಟ್ಟ ಹಕ್ಕಿ, ಪ್ರಾಣಿಗಳ ಚರ್ಮಕ್ಕೆ ಹುಳು ಹಿಡಿಯದಿರಲಿ ಅಂತ ಆರ್ಸೆನಿಕ್ ಹಚ್ಚುತ್ತಿದ್ದರು. ಆ ವಿಷ ಇಂದಿಗೂ ಅವುಗಳಲ್ಲಿ ಉಳಿದಿರಬಹುದು. ಎಷ್ಟೇ ಚೆನ್ನಾಗಿ ಕಂಡರೂ ಅಂಥವು ಗಾಜಿನ ಹಿಂದೆಯೇ ಇರಲಿ. ಗರಿ ಬೇಕಿದ್ದರೆ ಸಾಕಿದ ಕೋಳಿ, ಬಾತುಕೋಳಿಯದು ಸಾಕು. ಕಾಡುಹಕ್ಕಿಯ ಗರಿ ಇಟ್ಟುಕೊಳ್ಳುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ.

ತೂತಿನ ಪತ್ತೇದಾರಿ

ನನಗೆ ತುಂಬ ಇಷ್ಟವಾದ ಚಟುವಟಿಕೆ ಇದು. ಪ್ರತಿ ಗುಂಪಿಗೆ ಮೂರು ಬಗೆಯ ಕಪ್ಪೆಚಿಪ್ಪು ಕೊಡಿ: ಇಡಿಯಾಗಿರುವುದು, ಅಂಚು ಮುರಿದದ್ದು, ದುಂಡಗೆ ತೂತು ಬಿದ್ದದ್ದು. ಜೊತೆಗೆ ಒಂದು ಭೂತಗನ್ನಡಿ. ಕೇಳುವುದು ಒಂದೇ ಪ್ರಶ್ನೆ: ‘ಇದಕ್ಕೆ ಏನಾಗಿರಬಹುದು?’

ಆಮೇಲೆ ಸುಮ್ನಿರಿ. ಇದೇ ಕಷ್ಟದ ಭಾಗ. ಉತ್ತರ ಗೊತ್ತಿರುವ ದೊಡ್ಡವರಿಗೆ ಬಾಯಿ ಕಟ್ಟಿಕೊಳ್ಳುವುದು ಸುಲಭವಲ್ಲ. ಆದರೆ ಸ್ವಲ್ಪ ಕಾದರೆ ಮಕ್ಕಳೇ ಕಂಡುಹಿಡಿಯುತ್ತಾರೆ. ತೂತು ಹೊರಗಡೆ ಅಗಲ, ಒಳಗೆ ಹೋಗುತ್ತಾ ಕಿರಿದು. ಅಂದರೆ ಕೊರೆದವರು ಹೊರಗಿನಿಂದ ಬಂದವರು! ಒಂದು ಚಿಪ್ಪಿನಲ್ಲಿ ತೂತು ಅರ್ಧಕ್ಕೇ ನಿಂತಿದ್ದರಂತೂ ಚರ್ಚೆ ನಿಲ್ಲುವುದೇ ಇಲ್ಲ. ಕೊರೆಯುವವನನ್ನು ಯಾರಾದರೂ ಓಡಿಸಿದರಾ? ಸಾಕು ಅಂತ ಅದೇ ಬಿಟ್ಟು ಹೋಯಿತಾ?

ಎಲ್ಲರ ಊಹೆ ಮುಗಿದ ಮೇಲೆ ಕಳ್ಳನನ್ನು ತೋರಿಸಿ. ಅದು ಚಂದ್ರನಂತೆ ದುಂಡಗಿರುವ ಮೂನ್ ಸ್ನೇಲ್ ಎಂಬ ಕಡಲ ಬಸವನಹುಳು. ಮರಳಿನೊಳಗೆ ಹರಿದು ಬಂದು, ತನ್ನ ದೊಡ್ಡ ಪಾದದಿಂದ ಚಿಪ್ಪನ್ನು ಅಪ್ಪಿ ಹಿಡಿಯುತ್ತದೆ. ಆಮ್ಲ ಸುರಿಸಿ ಚಿಪ್ಪನ್ನು ಮೆದು ಮಾಡುತ್ತದೆ, ಹಲ್ಲುಗಳಿರುವ ನಾಲಿಗೆಯಿಂದ ಕೆರೆಯುತ್ತದೆ. ಗಂಟೆಗಟ್ಟಲೆ ಈ ಕೆಲಸ ನಡೆಯುತ್ತದೆ. ಆಮೇಲೆ ಊಟ.

ಈಗ ಪೆನ್ಸಿಲ್ ಕೊಟ್ಟು ಚಿಪ್ಪಿನ ಚಿತ್ರ ಬರೆಸಿ. ಹಾರ್ವರ್ಡ್‌ನ ಪ್ರಾಧ್ಯಾಪಕ ಲೂಯಿ ಅಗಾಸಿ ಅವರು ಸ್ಯಾಮ್ಯುಯೆಲ್ ಸ್ಕಡರ್ ಎಂಬ ಹೊಸ ವಿದ್ಯಾರ್ಥಿಯ ಮುಂದೆ ಒಂದು ಸತ್ತ ಮೀನು ಇಟ್ಟು, ಬೇರೇನೂ ಹೇಳಿಕೊಡದೆ ಮೂರು ದಿನ ಅದನ್ನೇ ನೋಡಿಸಿದ್ದರು. ಬೇಜಾರಾಗಿ ಚಿತ್ರ ಬರೆಯಲು ಕೂತಾಗಲೇ ಮೀನಿನಲ್ಲಿ ಹೊಸ ಹೊಸ ವಿಷಯ ಕಾಣತೊಡಗಿತು ಎಂದು ಸ್ಕಡರ್ 1874ರಲ್ಲಿ ಬರೆದಿದ್ದಾರೆ. ಮಕ್ಕಳಿಗೆ ಮೂರು ದಿನ ಬೇಡ, ಹತ್ತು ನಿಮಿಷ ಸಾಕು. ಚಿತ್ರ ಚೆನ್ನಾಗಿದೆಯಾ ಅಂತ ನೋಡಬೇಡಿ. ಗೆರೆಗಳನ್ನು ಎಣಿಸಿದ್ದಾರಾ ನೋಡಿ.

ಕೊಕ್ಕಿನ ಆಟ

ಅಗಲದ ಟ್ರೇ ಒಂದರಲ್ಲಿ ಒದ್ದೆ ಮರಳು ತುಂಬಿ. ಆಳದಲ್ಲಿ ರಬ್ಬರ್ ಬ್ಯಾಂಡ್ ಹೂತಿಡಿ, ಅವು ಹುಳುಗಳು. ಮೇಲೆ ಮಣಿಗಳನ್ನು ಚೆಲ್ಲಿ, ಅವು ಸಣ್ಣ ಏಡಿಗಳು. ಪಕ್ಕದ ಬೋಗುಣಿಯ ನೀರಿನಲ್ಲಿ ಥರ್ಮಾಕೋಲ್ ಚೂರುಗಳನ್ನು ತೇಲಿಬಿಡಿ. ಒಬ್ಬರಿಗೆ ಉದ್ದನೆಯ ಚಿಮಟ, ಒಬ್ಬರಿಗೆ ಬಟ್ಟೆಯ ಕ್ಲಿಪ್, ಇನ್ನೊಬ್ಬರಿಗೆ ಎರಡು ಚಮಚ ಕೊಡಿ. ಒಂದು ನಿಮಿಷದಲ್ಲಿ ಸಿಕ್ಕಷ್ಟು ಊಟ ತಮ್ಮ ಲೋಟಕ್ಕೆ ಹಾಕಿಕೊಳ್ಳಬೇಕು.

ಎಣಿಸಿದ ಮೇಲೆ ಹಕ್ಕಿಗಳ ಚಿತ್ರ ತೋರಿಸಿ. ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಕೆಸರಿನ ಆಳಕ್ಕೆ ಕೊಕ್ಕು ಇಳಿಸುತ್ತದೆ. ಗಿಡ್ಡ ಕೊಕ್ಕಿನ ಪ್ಲೋವರ್ ಓಡುತ್ತದೆ, ನಿಲ್ಲುತ್ತದೆ, ಕಣ್ಣಿಗೆ ಕಂಡದ್ದನ್ನು ಮೇಲಿನಿಂದ ಹೆಕ್ಕುತ್ತದೆ. ಚಮಚ ಕೊಕ್ಕಿನ ಹಕ್ಕಿ ಬಾಯಿ ತುಸು ತೆರೆದು ನೀರಿನಲ್ಲಿ ಆ ಕಡೆ ಈ ಕಡೆ ಆಡಿಸುತ್ತದೆ. ಒಂದೇ ದಡದಲ್ಲಿ ಇಷ್ಟೊಂದು ಹಕ್ಕಿಗಳು ಹೇಗೆ ಬದುಕುತ್ತವೆ ಅನ್ನುವುದು ಮಕ್ಕಳಿಗೆ ಕೈಯಿಂದಲೇ ಗೊತ್ತಾಗಿರುತ್ತದೆ. ಎರಡನೇ ಸುತ್ತಿನಲ್ಲಿ ಮರಳಿನ ಮೇಲೆ ಒಂದು ಹಲಗೆ ಮುಚ್ಚಿ, ‘ಇಲ್ಲಿ ಕಟ್ಟಡ ಬಂತು’ ಅನ್ನಿ. ಯಾರ ಲೋಟ ಖಾಲಿಯೇ ಉಳಿಯಿತು ನೋಡಿ.

ಕತ್ತಲಲ್ಲಿ ಆಮೆಮರಿ

ಮರಳಿನ ತೊಟ್ಟಿಯಲ್ಲಿ ಪಿಂಗ್‌ಪಾಂಗ್ ಚೆಂಡುಗಳನ್ನು ಹೂತಿಡಿ. ಚೆಂಡಿನ ಅಗಲ 4 ಸೆಂಟಿಮೀಟರ್, ಆಲಿವ್ ರಿಡ್ಲೆ ಕಡಲಾಮೆಯ ಮೊಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆ ಇರುತ್ತವೆ. ಮರಳು ಬೆಚ್ಚಗಿದ್ದಷ್ಟೂ ಹೆಣ್ಣುಮರಿಗಳೇ ಜಾಸ್ತಿ ಎಂದು ಹೇಳಿದಾಗ ಮಕ್ಕಳ ಕಣ್ಣು ಅಗಲವಾಗುತ್ತದೆ.

ಆಮೇಲೆ ಕೋಣೆ ಕತ್ತಲು ಮಾಡಿ. ಒಂದು ತುದಿಯಲ್ಲಿ ನೀಲಿ ಬಟ್ಟೆ ಹಾಸಿ, ಅದರ ಹಿಂದೆ ಸಣ್ಣ ದೀಪ ಇಡಿ. ಅದು ಕಡಲು. ಮಕ್ಕಳು ಮರಿಗಳಾಗಿ ಹೆಚ್ಚು ಬೆಳಕು ಇರುವ ಕಡೆ ತೆವಳಬೇಕು, ನಿಯಮ ಅಷ್ಟೇ. ಅರ್ಧ ದಾರಿಯಲ್ಲಿ ಎದುರು ಗೋಡೆಯ ದೊಡ್ಡ ಲೈಟ್ ಹಾಕಿ. ಎಲ್ಲರೂ ತಿರುಗಿಬಿಡುತ್ತಾರೆ. ನಿಜವಾದ ಮರಿಗಳಿಗೂ ಹೀಗೇ ಆಗುತ್ತದೆ. ತೀರದ ದೀಪಗಳ ಕಡೆ ಹೋಗಿ ಒಣಗಿ ಸಾಯುತ್ತವೆ, ರಸ್ತೆಗೆ ಬೀಳುತ್ತವೆ. ಪರಿಹಾರವನ್ನು ನೀವು ಹೇಳಬೇಕಾಗಿಲ್ಲ. ‘ಲೈಟ್ ಆರಿಸಿ’ ಅಂತ ಮಕ್ಕಳೇ ಕೂಗುತ್ತಾರೆ.

ಜೀವಂತ ಪ್ರಾಣಿಗಳಿದ್ದರೆ

ಮುಟ್ಟಿ ನೋಡುವ ನೀರಿನ ತೊಟ್ಟಿ ಎಲ್ಲ ಮ್ಯೂಸಿಯಂನಲ್ಲಿ ಇರುವುದಿಲ್ಲ. ಇದ್ದರೆ, ಮೊದಲು ಕೈ ತೊಳೆದು ಸೋಪು ಪೂರ್ತಿ ಹೋಗುವಂತೆ ನೋಡಿಕೊಳ್ಳಿ. ಸ್ಯಾನಿಟೈಸರ್, ಲೋಷನ್ ಹಚ್ಚಿದ ಕೈ ನೀರಿಗೆ ಇಳಿಯಬಾರದು. ಎರಡು ಬೆರಳು, ಮೆಲ್ಲಗೆ, ನೀರಿನೊಳಗೇ ಮುಟ್ಟುವುದು. ನಕ್ಷತ್ರ ಮೀನನ್ನು ಗಾಜಿನಿಂದ ಕಿತ್ತು ಎತ್ತಿದರೆ ಅದರ ಅಡಿಯಲ್ಲಿರುವ ಸಣ್ಣ ಕೊಳವೆಯಂಥ ಪಾದಗಳು ಹರಿದುಹೋಗುತ್ತವೆ. ಅದರ ಬದಲು ಗಾಜಿನ ಹೊರಗಿನಿಂದ ಆ ಪಾದಗಳನ್ನು ನೋಡಲು ಹೇಳಿ. ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ ತನ್ನ ಚಿಪ್ಪಿನೊಳಗೆ ಸೇರಿಕೊಂಡರೆ ಅದನ್ನು ಅಷ್ಟಕ್ಕೇ ಬಿಡಿ.

ಕೊನೆಗೆ ತೀರಕ್ಕೆ

1850ರ ದಶಕದಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲಿಷ್ ನಿಸರ್ಗಪ್ರೇಮಿಯ ಬರಹ ಓದಿ ಜನ ತೀರಕ್ಕೆ ಮುಗಿಬಿದ್ದರು. ಮನೆಯ ಅಕ್ವೇರಿಯಂಗೆಂದು ಬಂಡೆಗಳ ನಡುವಿನ ನೀರಿನ ಗುಂಡಿಗಳಲ್ಲಿದ್ದ ಜೀವಿಗಳನ್ನೆಲ್ಲ ಬಳಿದುಕೊಂಡು ಹೋದರು. ಮುಂದೆ ಅವರ ಮಗ ಎಡ್ಮಂಡ್ ಇದನ್ನು ನೋವಿನಿಂದ ನೆನೆದರು. ಆ ಜನರೂ ಕಡಲನ್ನು ಪ್ರೀತಿಸಿದವರೇ ಅಲ್ವಾ? ಹಾಗಾಗಿ ತೀರಕ್ಕೆ ಹೋಗುವ ಮೊದಲೇ ಮಕ್ಕಳ ಜೊತೆ ಮಾತಾಡಿಕೊಳ್ಳಿ. ಖಾಲಿ ಶಂಖವೂ ಸನ್ಯಾಸಿ ಏಡಿಗೆ ಮುಂದಿನ ಮನೆ, ಅದು ಅಲ್ಲೇ ಇರಲಿ. ಶಂಕುವಿನ ಆಕಾರದ ಕೋನ್ ಶಂಖವನ್ನಂತೂ ಮುಟ್ಟಲೇಬಾರದು, ಜೀವವಿದ್ದರೆ ಅದರ ಕುಟುಕು ಅಪಾಯ.

ಹೊರಡುವ ಮುಂಚೆ ಕಡಲಿನ ಇಳಿತದ ಸಮಯ ನೋಡಿಕೊಳ್ಳಿ. ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ. ನೀರು ಪೂರ್ತಿ ಇಳಿಯುವ ಒಂದು ಗಂಟೆ ಮೊದಲು ತಲುಪಿ, ಏರತೊಡಗಿದ ಕೂಡಲೇ ವಾಪಸ್ ಹೊರಡಿ. ಚೀಲಕ್ಕೆ ನೋಟ್‌ಬುಕ್, ಪೆನ್ಸಿಲ್, ಭೂತಗನ್ನಡಿ ಹಾಕಿಕೊಳ್ಳಿ. ಕಲ್ಲು ಎತ್ತಿ ನೋಡಿದರೆ ಅದೇ ಜಾಗದಲ್ಲಿ, ಅದೇ ಮಗ್ಗುಲಿಗೆ ಮೆಲ್ಲಗೆ ವಾಪಸ್ ಇಡಿ. ಅದರ ಕೆಳಗಿರುವ ಜೀವಿಗಳು ಬಿಸಿಲಿಗೆ ಬೇಗ ಒಣಗುತ್ತವೆ.