ಕ್ರುಸೇಡ್‌ಗೆ ಹೊರಟವರ ಒತ್ತೆ ಪತ್ರ ಓದುವುದು ಹೇಗೆ

ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಇಪ್ಪತ್ತೆರಡು ವರ್ಷ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಬರೆದಿದ್ದೇನೆ. ಯುರೋಪಿನ ಇತಿಹಾಸದ ಹುಚ್ಚು ಹತ್ತಿದ್ದು ಆಮೇಲೆ. ಕ್ರುಸೇಡ್, ಅಂದರೆ ಜೆರುಸಲೇಮನ್ನು ಮುಸ್ಲಿಮರಿಂದ ಗೆಲ್ಲಲು ಯುರೋಪಿನ ಕ್ರೈಸ್ತರು ಹೊರಟ ಯುದ್ಧಯಾತ್ರೆಗಳ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: ಅಲ್ಲಿನ ಜಹಗೀರ್‌ದಾರರು ಜೆರುಸಲೇಮಿಗೆ ಹೋಗಿದ್ದು ದೇವರಿಗಾಗಿಯೋ, ದುಡ್ಡಿಗಾಗಿಯೋ? ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹೊರಡುವ ಮುಂಚೆ ಖರ್ಚಿಗೆಂದು ಆಸ್ತಿ ಒತ್ತೆ ಇಟ್ಟು ಅವರು ಬರೆಸಿದ ಪತ್ರ ಓದಿ. ಫ್ರಾನ್ಸಿನ ಕ್ಲೂನಿ ಮಠಕ್ಕೆ ಬರೆದುಕೊಟ್ಟ ಇಂಥ ಪತ್ರಗಳು ಉಳಿದಿವೆ. ಮೂಲ ಲ್ಯಾಟಿನ್, ಕೆಲವಕ್ಕೆ ಇಂಗ್ಲಿಷ್ ಅನುವಾದ ಸಿಗುತ್ತದೆ.

ಮೊದಲು 1096ರ ಏಪ್ರಿಲ್‌ನ ಒಂದು ಪತ್ರ ತೆಗೆದುಕೊಳ್ಳಿ. ಬರೆಸಿದವನು ಮಾಂಟ್‌ಮೆರ್ಲ್ ಕೋಟೆಯ ಅಶಾರ್ಡ್, ಒಬ್ಬ ನೈಟ್, ಅಂದರೆ ಕುದುರೆ ಸವಾರ ಯೋಧ. ಪೋಪ್ ಎರಡನೇ ಅರ್ಬನ್ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಮೊದಲ ಕ್ರುಸೇಡ್‌ಗೆ ಕರೆ ಕೊಟ್ಟು ಇನ್ನೂ ಐದು ತಿಂಗಳಾಗಿತ್ತು, ಅಷ್ಟೇ.

ಪೀಠಿಕೆಯನ್ನು ಹಾರಿಸಬೇಡಿ. ನಮ್ಮ ಪತ್ರಗಳಲ್ಲಿ 'ಸಂಸಾರದ ಅಡಚಣೆಗಾಗಿ' ಎಂದು ಕಾರಣ ಬರೆಯುತ್ತೇವೆ ಅಲ್ವಾ? ಅದೇ ಜಾಗದಲ್ಲಿ ಅಶಾರ್ಡ್ ಹೇಳಿಸುವುದು, ದೇವರಿಗಾಗಿ ಹೋರಾಡಲು ಜೆರುಸಲೇಮಿಗೆ ಹೋಗುತ್ತಿದ್ದೇನೆ, ಒಳ್ಳೆಯ ಶಸ್ತ್ರ ಹಿಡಿದು ಹೋಗಬೇಕು ಅಂತ. ಅದಕ್ಕೂ ಹಿಂದೆ ಕತ್ತಿ ಹಿಡಿದವನಿಗೆ ಪಾಪದ ಭಾರ ಇಳಿಸಿಕೊಳ್ಳಬೇಕೆಂದರೆ ಕತ್ತಿ ಕೆಳಗಿಟ್ಟು ಮಠ ಸೇರುವುದೇ ದೊಡ್ಡ ದಾರಿಯಾಗಿತ್ತು. ಈಗ ಕತ್ತಿ ಹಿಡಿದೇ ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು ಎಂದಿತು ಚರ್ಚು. ಯುದ್ಧವೇ ಕುಲಕಸುಬಾದ ಮನೆತನಗಳಿಗೆ ಇದು ಎಷ್ಟು ದೊಡ್ಡ ಮಾತು, ಯೋಚಿಸಿ.

ಆಮೇಲೆ ಮೊತ್ತ ನೋಡಿ. ಅಶಾರ್ಡ್‌ಗೆ ಸಿಕ್ಕಿದ್ದು ಲಿಯಾನ್ ನಗರದ ನಾಣ್ಯದಲ್ಲಿ 2,000 ಸಾಲಿಡಸ್, ಜೊತೆಗೆ ನಾಲ್ಕು ಹೇಸರಗತ್ತೆ. ನನ್ನ ಕಣ್ಣು ನಿಂತಿದ್ದು ಆ ಹೇಸರಗತ್ತೆಗಳ ಮೇಲೆ. ಸಾಮಾನು ಹೊರುವ ಪ್ರಾಣಿಗೂ ಮಠದ ಬಾಗಿಲಿಗೆ ಹೋಗಬೇಕಾದ ಮನುಷ್ಯ ಇವನು. ಒಬ್ಬ ನೈಟ್ ಕ್ರುಸೇಡ್‌ಗೆ ಹೊರಡಲು ಅವನ ನಾಲ್ಕು ವರ್ಷದ ಆದಾಯಕ್ಕಿಂತಲೂ ಜಾಸ್ತಿ ಬೇಕಿತ್ತು ಅನ್ನುವುದು ಇತಿಹಾಸಕಾರರ ಅಂದಾಜು. ನಾರ್ಮಂಡಿಯ ರಾಬರ್ಟ್ ತನ್ನ ಇಡೀ ಸೀಮೆಯನ್ನೇ ತಮ್ಮನಿಗೆ 10,000 ಮಾರ್ಕ್ ಬೆಳ್ಳಿಗೆ ಒತ್ತೆ ಇಟ್ಟ. ಸುಮ್ನೆ ಲೂಟಿ ಆಸೆಗೆ ಹೋದರು ಅನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಈಗ ಷರತ್ತಿಗೆ ಬನ್ನಿ. ನಿಧಾನವಾಗಿ ಓದಬೇಕಾದ್ದು ಇದನ್ನೇ. ಒತ್ತೆ ಬಿಡಿಸುವ ಹಕ್ಕು ಅಶಾರ್ಡ್ ಒಬ್ಬನಿಗೇ, ನೆಂಟರಿಗಿಲ್ಲ. ಅವನು ಯಾತ್ರೆಯಲ್ಲಿ ಸತ್ತರೆ, ಇಲ್ಲವೇ ಅಲ್ಲೇ ಉಳಿಯಲು ಮನಸ್ಸು ಮಾಡಿದರೆ, ಆಸ್ತಿ ಶಾಶ್ವತವಾಗಿ ಮಠದ್ದು. ಸತ್ತರೆ ಏನು ಗತಿ ಎಂದು ಬದುಕಿರುವಾಗಲೇ ಬರೆಸಿದ್ದಾನೆ. 1099ರಲ್ಲಿ ಜೆರುಸಲೇಮ್ ಕೈವಶವಾಗುವ ಸ್ವಲ್ಪ ಮುಂಚೆ, ಜಾಫಾ ಬಳಿಯ ಕಾಳಗದಲ್ಲಿ ಅವನು ಸತ್ತ.

ಪತ್ರ ಓದಿದ ಮೇಲೆ ಮನೆತನ ಹುಡುಕಿ. ಇದಕ್ಕೆ ಫ್ರಾನ್ಸಿನ ಶಾಂಪೇನ್ ಸೀಮೆಯ ಜಹಗೀರ್‌ದಾರ ಜಾನ್ ದ ಜಾಯ್ನ್‌ವಿಲ್ ಒಳ್ಳೆಯ ಉದಾಹರಣೆ. ಅವನ ಅಜ್ಜ 1190ರಲ್ಲಿ ಏಕರ್ ಎಂಬ ಬಂದರು ಊರಿನ ಮುತ್ತಿಗೆಯಲ್ಲಿ ಸತ್ತ. ದೊಡ್ಡಪ್ಪ ಸಿರಿಯಾದ ಕ್ರಾಕ್ ಕೋಟೆಯಲ್ಲಿ ತೀರಿಕೊಂಡ. ಅಪ್ಪ ಈಜಿಪ್ಟಿನ ಡಾಮಿಯೆಟ್ಟಾವರೆಗೂ ಹೋಗಿ ಬಂದವನು. ಇಂಥ ಮನೆಯ ಹುಡುಗ ಬೆಳೆಯುವುದೇ ಮುಂದೊಂದು ದಿನ ತಾನೂ ಹೋಗಬೇಕು ಎಂದುಕೊಂಡು. ಹೋಗಿ ಅರ್ಧದಲ್ಲಿ ವಾಪಸ್ ಬಂದರೆ ಮರ್ಯಾದೆ ಹೋದಂತೆ. ಫ್ರಾನ್ಸಿನ ಬ್ಲೋಯಿ ಸೀಮೆಯ ಒಡೆಯ ಸ್ಟೀಫನ್ 1098ರಲ್ಲಿ ಕ್ರುಸೇಡ್ ಸೈನ್ಯ ಮುತ್ತಿಗೆ ಹಾಕಿದ್ದ ಆಂಟಿಯೋಕ್ ಬಿಟ್ಟು ಮನೆಗೆ ಬಂದ. ಹೆಂಡತಿ ಅಡೇಲಾ ಅವನನ್ನು ಮತ್ತೆ ಹೊರಡಿಸಿದಳು. 1102ರಲ್ಲಿ ರಾಮ್ಲಾದಲ್ಲಿ ಸತ್ತ.

ಜಾಯ್ನ್‌ವಿಲ್ 1248ರ ಈಸ್ಟರ್‌ಗೆ ತನ್ನ ಕೈಕೆಳಗಿನವರನ್ನೆಲ್ಲ ಕರೆಸಿದ. ಅದೇ ದಿನಗಳಲ್ಲಿ ಅವನಿಗೆ ಮಗ ಹುಟ್ಟಿದ್ದ. ವಾರವೆಲ್ಲ ಊಟ, ಹಾಡು. ಶುಕ್ರವಾರ ಎದ್ದು ಹೇಳಿದ: ಸಮುದ್ರ ದಾಟಿ ಹೋಗುತ್ತಿದ್ದೇನೆ, ಬರುತ್ತೇನೋ ಇಲ್ಲವೋ ಗೊತ್ತಿಲ್ಲ, ಯಾರಿಗಾದರೂ ಅನ್ಯಾಯ ಮಾಡಿದ್ದರೆ ಹೇಳಿ, ಸರಿ ಮಾಡಿಕೊಡುತ್ತೇನೆ. ಎದುರಿಗೆ ತಾನಿದ್ದರೆ ಬಾಯಿ ಬಿಡಲಾರರು ಎಂದು ಸಭೆಯಿಂದ ಎದ್ದು ಹೋದ. ಅವರು ತೀರ್ಮಾನಿಸಿದ್ದನ್ನು ಎದುರು ಮಾತಿಲ್ಲದೆ ಒಪ್ಪಿಕೊಂಡ. ನನ್ನ ಎದುರು ಪತ್ರ ಬರೆಸಿದ ಎಷ್ಟೋ ಜನ ಸಾಹುಕಾರರಲ್ಲಿ ಹೀಗೆ ಎದ್ದು ಹೊರಗೆ ಹೋದವರನ್ನು ನಾನು ಕಾಣಲಿಲ್ಲ. ಆಮೇಲೆ ಅವನು ಜಮೀನು ಒತ್ತೆ ಇಟ್ಟ, ಬರಿಗಾಲಲ್ಲಿ ಸುತ್ತಲ ಪುಣ್ಯಸ್ಥಳಗಳಿಗೆ ಹೋದ. ತಿರುಗಿ ಕೋಟೆಯ ಕಡೆ ನೋಡಲಿಲ್ಲ. ಇಬ್ಬರು ಮಕ್ಕಳನ್ನು ಬಿಟ್ಟು ಹೋಗುವಾಗ ಮನಸ್ಸು ಕರಗೀತು ಅನ್ನುವ ಭಯ.

ಪತ್ರದಲ್ಲಿ ಇಲ್ಲದ್ದನ್ನೂ ಓದಲೇಬೇಕು. 1096ರಲ್ಲಿ ರೈನ್ ನದಿ ತೀರದ ವರ್ಮ್ಸ್, ಮೈಂಟ್ಸ್ ಊರುಗಳಲ್ಲಿ ಕ್ರುಸೇಡ್‌ನವರ ಕೈಯಲ್ಲಿ ಸತ್ತ ಯಹೂದಿಗಳು, 1099ರ ಜುಲೈ 15ರಂದು ಜೆರುಸಲೇಮಿನಲ್ಲಿ ಸತ್ತ ಮುಸ್ಲಿಮರು ಮತ್ತು ಯಹೂದಿಗಳು. ಒತ್ತೆ ಪತ್ರದ ಸಾಕ್ಷಿಗಳ ಪಟ್ಟಿಯಲ್ಲಿ ಅವರ ಕಡೆಯವರು ಯಾರೂ ಇರುವುದಿಲ್ಲ. ಬರೆಸಿದವನ ಭಕ್ತಿ ನಿಜ. ಆ ಸಾವುಗಳೂ ಅಷ್ಟೇ ನಿಜ.

ಕೊನೆಗೆ, ಹೋದವನು ವಾಪಸ್ ಬಂದನೇ, ಬಂದ ಮೇಲೆ ಊರು ಹೇಗಿತ್ತು, ಅದನ್ನು ಹುಡುಕಿ. ಜಾಯ್ನ್‌ವಿಲ್ ಈಜಿಪ್ಟಿನಲ್ಲಿ ಸೆರೆಸಿಕ್ಕು, ಬಿಡುಗಡೆಯಾಗಿ, 1254ರಲ್ಲಿ ಮರಳಿದ. ಮುಂದೆ ಫ್ರಾನ್ಸಿನ ಒಂಬತ್ತನೇ ಲೂಯಿ ದೊರೆ ಮತ್ತೆ ಕ್ರುಸೇಡ್‌ಗೆ ಕರೆದಾಗ ಬರುವುದಿಲ್ಲ ಎಂದುಬಿಟ್ಟ. ತಾನಿಲ್ಲದಾಗ ದೊರೆಯ ಅಧಿಕಾರಿಗಳು ತನ್ನ ಜನರನ್ನು ಹಿಂಡಿ ಬಡವರನ್ನಾಗಿ ಮಾಡಿದರು, ದೇವರಿಗೆ ಇಷ್ಟವಾಗಬೇಕಾದರೆ ಈ ಸಲ ಇಲ್ಲೇ ಇದ್ದು ಅವರನ್ನು ಕಾಯಬೇಕು ಅಂದ. ದೊರೆ 1270ರಲ್ಲಿ ಟ್ಯೂನಿಸ್‌ನಲ್ಲಿ ತೀರಿಕೊಂಡ. ಜಾಯ್ನ್‌ವಿಲ್ 1317ರವರೆಗೆ, ತೊಂಬತ್ತು ದಾಟಿ ಬದುಕಿದ.